ಕೂಗುವ ಮನೆಯ ಮಗಳು

ತಗಡಿನ ಮೇಸ್ತ್ರಿಯ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬೆಳಗಾದರೆ ಸಾಕು, ಟ್ರಂಕು ಬಕೆಟ್ಟುಗಳ ಮೇಲೆ ಸುತ್ತಿಗೆ ಬೀಳಲು ಶುರು. ಆ ಮನೆಯಲ್ಲಿ ಚಿಟಿಕೆ ಉಪ್ಪು ಬೇಕಿದ್ದರೂ ಕೂಗಿಯೇ ಕೇಳಬೇಕು. ಗಂಡ ಹೆಂಡತಿಯ ಗುಟ್ಟೆಲ್ಲ ಬೀದಿಯ ಪಾಲು.

ಎರಡನೇ ಕ್ಲಾಸಿನ ಮಗಳು ಮಾತ್ರ ಒಂದು ಸಲ ಕರೆದರೆ ತಿರುಗುತ್ತಿರಲಿಲ್ಲ.

"ಮೊಂಡು! ಥೇಟ್ ನಿನ್ನ ಹಾಗೇ," ಅನ್ನುತ್ತಿದ್ದ ಮೇಸ್ತ್ರಿ.

"ನನ್ನ ಹಾಗಿದ್ದಿದ್ರೆ ಬುದ್ಧಿಯಾದ್ರೂ ಇರ್ತಿತ್ತು," ಅನ್ನುತ್ತಿದ್ದಳು ಹೆಂಡತಿ.

ಒಂದು ದಿನ ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಡೆಯಿತು. ಟೀಚರ್ ಮೇಸ್ತ್ರಿಗೆ ಹೇಳಿ ಕಳಿಸಿದರು. ಸಿಡುಕುತ್ತಲೇ ಹೋದ.

"ಅಕ್ಷರ ಕಲಿಸೋದು ಬಿಟ್ಟು ಕಿವಿ ಮೂಗು ನೋಡೋ ಉಸಾಬರಿ ಶಾಲೆಯವರಿಗೆ ಯಾಕಮ್ಮಾ?"

"ಕಿವಿಗೇ ಬೀಳದ ಪಾಠ ತಲೆಗೆ ಹೋಗೋದು ಹೇಗಣ್ಣಾ?" ಎಂದರು ತಪಾಸಣೆಗೆ ಬಂದಿದ್ದ ನರ್ಸಮ್ಮ. "ನಿಮ್ಮ ಮಗಳಿಗೆ ಸರಿಯಾಗಿ ಕೇಳಿಸ್ತಿಲ್ಲ."

ಮೇಸ್ತ್ರಿ ಗಹಗಹಿಸಿ ನಕ್ಕ. "ಊಟಕ್ಕೆ ಅಂತ ಕೂಗಿದ್ರೆ ಓಡಿ ಬರ್ತಾಳೆ!"

"ಇಲ್ಲಿ ಕೂಗಬೇಡಿ. ಅವಳ ಹಿಂದೆ ನಿಂತು ಮೆಲ್ಲಗೆ ಕರೀರಿ."

ಮಗಳು ಕಿಟಕಿಯತ್ತ ಮುಖ ಮಾಡಿ, ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು.

"ಪುಟ್ಟೀ..."

ತಿರುಗಲಿಲ್ಲ.

"ಪುಟ್ಟೀ, ಅಪ್ಪ ಬಂದಿದ್ದೀನಿ ಕಣೇ. ಮಿಠಾಯಿ ಕೊಡಿಸ್ತೀನಿ, ಬಾರೇ."

ಕಾಲುಗಳು ಆಡುತ್ತಲೇ ಇದ್ದವು.

ನರ್ಸಮ್ಮ ಎದುರಿಗೆ ಹೋದರೆ ಮಗು ಅವರ ತುಟಿಯನ್ನೇ ದಿಟ್ಟಿಸಿತು. ಅಯ್ಯೋ, ಮನೆಯಲ್ಲೂ ಹೀಗೇ ಎಲ್ಲರ ಬಾಯಿ ನೋಡುತ್ತಿದ್ದಳಲ್ಲ! ಮೊನ್ನೆ ತಾನೇ ಮೊಂಡುತನ ಅಂತ ಮೇಸ್ತ್ರಿ ಅವಳ ಬೆನ್ನಿಗೆ ಬಾರಿಸಿದ್ದ.

"ಇವಳಿಗೆ ಕಿವಿ ಸೋರ್ತಿತ್ತಾ ಅಣ್ಣಾ?"

"ನೆಗಡಿಯಾದಾಗೆಲ್ಲ ಸೋರ್ತಿತ್ತು. ಬಿಸಿ ಎಣ್ಣೆ ಬಿಡ್ತಿದ್ವಿ."

"ಇನ್ನು ಒಂದು ತೊಟ್ಟೂ ಬಿಡಬೇಡಿ. ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ತಡ ಮಾಡಿದ್ರೆ ಇರೋದೂ ಹೋದೀತು."

ಮೇಸ್ತ್ರಿ ಮನೆಗೂ ಹೋಗಲಿಲ್ಲ. ಮಗಳನ್ನು ಎತ್ತಿಕೊಂಡು ನೇರ ಆಸ್ಪತ್ರೆಗೆ ನಡೆದ. ಡಾಕ್ಟರು ಪರೀಕ್ಷಿಸಿ ಹೇಳಿದರು: "ಒಂದು ಕಿವಿ ಸುಧಾರಿಸುತ್ತೆ. ಇನ್ನೊಂದರ ಮಾತು ಈಗಲೇ ಹೇಳಲಾರೆ."

ಸುದ್ದಿ ಕೇಳಿ ಹೆಂಡತಿ ಮಗಳನ್ನು ಮಡಿಲಿಗೆ ಎಳೆದುಕೊಂಡಳು. "ಶಾಲೆಯವರು ನೋಡದೇ ಇದ್ದಿದ್ರೆ ಏನ್ರೀ ಗತಿ?"

ಔಷಧಿ ಶುರುವಾಯಿತು. ಟೀಚರ್ ಮಗುವನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿಕೊಂಡರು.

ಅಪ್ಪಂದಿರೇ, ಅಮ್ಮಂದಿರೇ, ಶಾಲೆಯಲ್ಲಿ ತಪಾಸಣೆ ಇರುವ ದಿನ ಮಗುವನ್ನು ತಪ್ಪದೆ ಕಳಿಸಿ. ತಪಾಸಣೆಯೇ ನಡೆಯದಿದ್ದರೆ ಹೋಗಿ ಯಾಕೆಂದು ವಿಚಾರಿಸಿ. ಟೀಚರ್ ಕರೆದರೆ ಕೆಲಸ ಬಿಟ್ಟು ಓಡಿ. ಕರೆದಾಗ ತಿರುಗದ ಮಗುವಿನ ಮೇಲೆ ಕೈ ಎತ್ತುವ ಮುಂಚೆ, ಅದರ ಕಿವಿ ಡಾಕ್ಟರಿಗೆ ತೋರಿಸಿ.