ಹೊಗೆಯಿಲ್ಲದ ಕೆಂಡ

ನಾನು ಒಂದು ಶೆಗಡಿ, ಇದ್ದಿಲು ಉರಿಸುವ ತಗಡಿನ ಒಲೆ. ಗದುಗಿನ ಓಣಿಯೊಂದರಲ್ಲಿ ಮೌಲಾಸಾಬ ಹಳೆಯ ಎಣ್ಣೆಡಬ್ಬಿ ಕತ್ತರಿಸಿ, ಹೊಟ್ಟೆಗೆ ಗಾಳಿಕಿಂಡಿ ಕೊರೆದು, ಒಳಗೆ ಕೆಮ್ಮಣ್ಣು ಮೆತ್ತಿ ನನ್ನನ್ನು ಮಾಡಿದ. ಮೊದಲ ಕೆಂಡ ಹಾಕುವ ಮುಂಚೆ ಕಣ್ಣು ಮುಚ್ಚಿ ತುಟಿ ಅಲುಗಿಸಿದ. ಬೆಂಕಿಯನ್ನು ಹೊಟ್ಟೆಯಲ್ಲಿ ಹೊರುವವರಿಗಾಗಿ ಯಾರಾದರೂ ಬೇಡಿಕೊಳ್ಳಲೇಬೇಕು.

ಮೊದಲು ಒಂದು ಖಾನಾವಳಿಯ ಹಿತ್ತಲಿನಲ್ಲಿದ್ದೆ. ಬದನೆಕಾಯಿ ಸುಡುವುದು ನನ್ನ ಕೆಲಸ, ಆಕಾಶವೇ ನನ್ನ ಸೂರು. ಅಲ್ಲಿ ಮನುಷ್ಯರ ಒಂದು ಗುಣ ಕಂಡುಕೊಂಡೆ. ನಾನು ಹೊಗೆಯಾಡುವಾಗ ಬೈದು ದೂರ ಸರಿಯುತ್ತಾರೆ. ಹೊಗೆ ನಿಂತು ಕೆಂಡ ನಿಗಿನಿಗಿ ಆಯಿತೋ, ನಂಬಿಬಿಡುತ್ತಾರೆ. ಆಗಲೂ ನನ್ನೊಳಗಿಂದ ಏನೋ ಏಳುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿ ಅದನ್ನು ಒಯ್ದುಬಿಡುತ್ತದೆ.

ಖಾನಾವಳಿಗೆ ಗ್ಯಾಸ್ ಬಂದ ಮೇಲೆ, ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಬಸಲಿಂಗವ್ವ ನನ್ನನ್ನು ತನ್ನ ಹಳ್ಳಿಗೆ ಒಯ್ದಳು. ಮಗಳು ಕಸ್ತೂರಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅಳಿಯ ಮಹಾಂತೇಶ ಕೂಸನ್ನು ನೋಡಲು ಬಂದ. ಬಸಲಿಂಗವ್ವ ಅಂಗಳದಲ್ಲಿ ಕಣಕಿಯ, ಅಂದರೆ ಒಣಗಿದ ಜೋಳದ ದಂಟಿನ, ಬಣವೆಯ ಪಕ್ಕ ನನ್ನನ್ನಿಟ್ಟು ಗೋವಿನಜೋಳದ ತೆನೆ ಸುಡತೊಡಗಿದಳು.

“ಅತ್ತಿ, ಬಣವಿ ಬಾಜೂಕ ಇಟ್ಟೀರಲ್ರೀ! ಒಂದು ಕಿಡಿ ಹಾರಿದ್ರ ಮನಿನ ಹೋಗ್ತೈತಿ,” ಎಂದು ಅವನು ನನ್ನನ್ನು ಅಂಗಳದ ನಡುವೆ ಎಳೆದಿಟ್ಟು, ಹತ್ತಿರ ಒಂದು ಕೊಡ ನೀರಿಟ್ಟ.

“ಅಳಿಯಂದಿರು ತೆನಿ ತಿನ್ನಾಕ ಬಂದೀರೋ, ಮಗನ್ನ ನೋಡಾಕ ಬಂದೀರೋ?”

“ನಿಮ್ಮ ಮಗಳು ಬಾಗಿಲಾ ತಗದ್ರ ನೋಡ್ತೀನ್ರಿ.”

ಒಳಗಿನಿಂದ ಕಸ್ತೂರಿ ಕೂಗಿದಳು: “ಯವ್ವಾ, ನನಗೂ ಒಂದು ತೆನಿ ಕೊಡs!”

“ಕೂಸಿಗೆ ಹೊಟ್ಟಿ ನೋವು ತರಸ್ತಿ ಏನು? ಬಾಯಿ ಕಟ್ಟಿಕೊಂಡು ಬಿದ್ದಿರು!”

ಎಲ್ಲರೂ ನಕ್ಕರು. ಎಲ್ಲರ ಕಣ್ಣೂ ಹಾರುವ ಕಿಡಿಯ ಮೇಲೇ ಇತ್ತು.

ತೆನೆ ಮುಗಿದಾಗ ಮಹಾಂತೇಶ ನೀರಿನ ಕೊಡಕ್ಕೆ ಕೈ ಹಾಕಿದ. ಬಸಲಿಂಗವ್ವ ತಡೆದಳು. “ಇಂಥಾ ಚಲೋ ಕೆಂಡ ಆರಸಬಾರ್ದ್ರೀ. ಒಂದೀಟೂ ಹೊಗಿ ಇಲ್ಲ ನೋಡ್ರಿ. ಕಸ್ತೂರಿ ಹೊರಸಿನ ಬುಡಕ ಇಡ್ತೀನಿ, ಸೊಂಟ ಗಟ್ಟಿ ಆಗ್ತೈತಿ.”

ಬಸಲಿಂಗವ್ವನ ಬಾಣಂತನದಲ್ಲಿ ಅವಳ ತಾಯಿಯೂ ಅವಳನ್ನು ಹೀಗೆಯೇ ಕಾಸಿದ್ದಳು. ಆದರೆ ಅದು ಮಣ್ಣಿನ ಮಾಳಿಗೆಯ ಮನೆ, ನೆತ್ತಿಯಲ್ಲಿ ಬೆಳಕಿಂಡಿ ಇತ್ತು. ಈ ಕೋಣೆಗೆ ಸಿಮೆಂಟಿನ ಸ್ಲ್ಯಾಬು, ಕಿಟಕಿಗೆ ಗಾಜು. ಬಾಣಂತಿಗೆ ಗಾಳಿ ಸೋಕಬಾರದೆಂದು ಬಸಲಿಂಗವ್ವ ಕಿಟಕಿ ಮುಚ್ಚಿದಳು, ಹೊರಗೆ ಹೋಗಿ ಬಾಗಿಲ ಸಂದಿಗೆ ಗೋಣಿತಾಟು ತುರುಕಿದಳು. ತಾಯಿ ಮಗು ಮಲಗಿದ್ದ ಮಂಚದ ಕೆಳಗೆ ನಾನು ಕೆಂಪಗೆ, ಚೆಂದಗೆ ಉರಿಯುತ್ತಿದ್ದೆ.

“ಯವ್ವಾ, ತಲಿ ಯಾಕೋ ಭಾರ ಆಗೇತಿ,” ಎಂದಳು ಕಸ್ತೂರಿ.

“ಹಸೀ ಮೈ, ಹಂಗs ಆಗ್ತೈತಿ. ಮಲ್ಕೋ,” ಎಂದಿತು ಹೊರಗಿನ ದನಿ.

ಕೂಸು ಸ್ವಲ್ಪ ಹೊತ್ತು ಅತ್ತಿತು. ಅಳು ಸಣ್ಣಗಾಯಿತು. ಆಮೇಲೆ ನಿಂತಿತು. ದೇವರೇ, ನನಗೆ ಹೊಟ್ಟೆ ಕೊಟ್ಟೆ, ಬಾಯಿ ಯಾಕೆ ಕೊಡಲಿಲ್ಲ?

ಬಸ್ಸಿನ ಹೊತ್ತಾದಾಗ ಮಹಾಂತೇಶ ಬಾಗಿಲ ಹೊರಗೆ ನಿಂತು ಕರೆದ. “ಕಸ್ತೂರೀ, ಬರ್ತೀನಿ.” ಉತ್ತರವಿಲ್ಲ. ಮತ್ತೆ ಕರೆದ.

“ನಿದ್ದಿ ಹತ್ತೇತಿ, ಎಬ್ಬಿಸಬ್ಯಾಡ್ರಿ. ಗಂಡಸರು ಒಳಗ ಹೋಗಬಾರ್ದು,” ಎಂದಳು ಅತ್ತೆ.

ಹೆಜ್ಜೆಗಳು ದೂರ ಹೋದವು. ನಿಂತವು. ತಿರುಗಿ ಬಂದವು.

ಬಾಗಿಲು ದಢಾರನೆ ತೆರೆಯಿತು. ಕೂಸನ್ನು ಒಂದು ತೋಳಲ್ಲಿ ಅವುಚಿ, ಹೆಂಡತಿಯನ್ನು ಇನ್ನೊಂದು ಕೈಯಲ್ಲಿ ಎಳೆದು ಅಂಗಳಕ್ಕೆ ತಂದ. ಗಾಳಿಗೆ ಕೂಸು ಕಿರುಚಿತು. ಕಸ್ತೂರಿ ಕಣ್ಣು ತೆರೆದದ್ದು ಆಸ್ಪತ್ರೆಯಲ್ಲಂತೆ. ಇದ್ದಿಲಿನ ವಿಷಗಾಳಿ ಎಂದು ಡಾಕ್ಟರು ಹೇಳಿದರಂತೆ. ಬಸಲಿಂಗವ್ವ ಮಾತ್ರ ಕೆಟ್ಟ ದೃಷ್ಟಿ ಎಂದಳು. ಇವತ್ತಿಗೂ ಹಾಗೇ ಹೇಳುತ್ತಾಳೆ.

ಹಿತ್ತಲ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದೆ. ಈಗ ಕಿರಿಯ ಮಗಳು ನಾಗರತ್ನ ಹೆತ್ತು ಅದೇ ಕೋಣೆಯಲ್ಲಿ ಮಲಗಿದ್ದಾಳೆ. ಇಂದು ಬೆಳಿಗ್ಗೆ ಬಸಲಿಂಗವ್ವ ನನ್ನನ್ನು ಎತ್ತಿ ತಿಕ್ಕತೊಡಗಿದಳು. ತಂಗಿಯನ್ನು ನೋಡಲು ಬಂದಿದ್ದ ಕಸ್ತೂರಿ ಅದನ್ನು ಕಂಡಳು.

“ಅದನ್ನ ಎಲ್ಲಿಗೆ ಒಯ್ಯಾಕತ್ತಿ?”

“ತಂಗೀನ ಕಾಸಬ್ಯಾಡೇನು?”

ಕಸ್ತೂರಿ ಹಾರೆ ತಂದು ನನ್ನ ತಳಕ್ಕೆ ಹೊಡೆದಳು. ಮಣ್ಣು ಒಡೆದು ತಗಡು ಹರಿಯಿತು. ನನಗೆ ನೋವಾಗಲಿಲ್ಲ. ಬೇಡಿಕೊಂಡದ್ದು ಸಿಕ್ಕವರ ಹಾಗೆ ಹಗುರಾದೆ.

ಆದರೆ ಈಗ ಬಸಲಿಂಗವ್ವ ಗೋಡೆಯಾಚೆಯ ನೆರೆಮನೆಯವಳನ್ನು ಕೇಳುತ್ತಿದ್ದಾಳೆ: “ನಿಮ್ಮ ಶೆಗಡಿ ಇದ್ರ ಒಂದೀಟು ಕೊಡ್ರೆವಾ, ಸಂಜೀಕ ತಂದು ಕೊಡ್ತೀನಿ.”

ಕಸ್ತೂರಿಗೂ ಅದು ಕೇಳಿಸಿರಬೇಕು. ತಂಗಿಯ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲ ಮೇಲೆ ಕೂತು, ಕದಕ್ಕೆ ಬೆನ್ನು ಕೊಟ್ಟಿದ್ದಾಳೆ. ತಾಯಿ ಬಂದು ಬೈದರೂ ಏಳುತ್ತಿಲ್ಲ.