ಕಾರ್ಯದರ್ಶಿಗಳಿಗೆ ಬಿದ್ದ ಒಂಬತ್ತು ಸಾವಿರ ಕಾಗದ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಪೋಸ್ಟಮ್ಮ ಅಂತಲೇ ಕರೆಯುತ್ತಿದ್ದರು. ಮೂವತ್ತೊಂದು ದೇಶಗಳ ಕಾರ್ಮಿಕ ಸಂಘಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಒಕ್ಕೂಟ ಅದು. ದಾರ ಅಂದರೆ ಯಾವುದೋ ಮಹಾ ತತ್ವ ಅಂದುಕೊಳ್ಳಬೇಡಿ. ದಾರ ಅಂದರೆ ಪೋಸ್ಟಮ್ಮ, ಅವಳ ಹಳೇ ಕಂಪ್ಯೂಟರು ಮತ್ತು ಇಂಟರ್ನೆಟ್ಟಿಗೆ ಅಂತ ಗೋಡೆಗೆ ಹೊಡೆದ, ದಿನಕ್ಕೆರಡು ಸಲ ತಟ್ಟಿದರೇ ಎಚ್ಚರಾಗುವ ಒಂದು ಡಬ್ಬಿ. ಎಲ್ಲೋ ಒಬ್ಬ ಮಾಲೀಕ ಯಾರನ್ನಾದರೂ ಕೆಲಸದಿಂದ ತೆಗೆದರೆ ಇವಳು ವೆಬ್‌ಸೈಟಿನಲ್ಲಿ ಪ್ರತಿಭಟನೆಯ ಪುಟವೊಂದನ್ನು ಮಾಡುತ್ತಾಳೆ. ಎಲ್ಲ ದೇಶದ ಸದಸ್ಯರಿಗೂ ಸುದ್ದಿ ಹೋಗುತ್ತದೆ. ಅವರು ಹೆಸರು ಬರೆದು ಗುಂಡಿ ಒತ್ತಿದರೆ ಸಾಕು, ಮೊದಲೇ ಬರೆದಿಟ್ಟ ಕಾಗದ ಅವರವರ ಹೆಸರಲ್ಲಿ ನೇರ ಮಾಲೀಕನ ಇಮೇಲಿಗೆ ಬೀಳುತ್ತದೆ. ಒಂದಲ್ಲ ಎರಡಲ್ಲ, ಸಾವಿರಗಟ್ಟಲೆ. ಎಂಥ ದಪ್ಪ ಚರ್ಮದವನಿಗೂ ಎರಡನೇ ದಿನಕ್ಕೆ ತಲೆ ಚಿಟ್ಟು ಹಿಡಿಯುತ್ತದೆ.

ಕಾಗದ ಬರೆಯುವವಳೂ ಪೋಸ್ಟಮ್ಮನೇ. ಕಾರ್ಯದರ್ಶಿಗಳ ಕೆಲಸ ಅದನ್ನು ಓದದೆ ಒಪ್ಪುವುದು. ಆದರೆ ಅವರದೊಂದು ಚಾಳಿ ಇತ್ತು. ಯಾವುದೇ ಪುಟವಾದರೂ ಮೊದಲು ಮಾಲೀಕನ ವಿಳಾಸದ ಜಾಗದಲ್ಲಿ ಅವರ ವಿಳಾಸ ಹಾಕಿ, ಒಂದು ಕಾಗದ ಅವರಿಗೆ ಕಳಿಸಿ ತೋರಿಸಬೇಕು. "ಬಂತಮ್ಮಾ, ಚೆನ್ನಾಗಿ ಬಂತು" ಅಂತ ಅವರು ಒಳಗಿನಿಂದ ಕೂಗಿದ ಮೇಲೆ ವಿಳಾಸ ಬದಲಾಯಿಸಬೇಕು. ಏಳು ವರ್ಷದಿಂದ ಈ ಶಾಸ್ತ್ರ ತಪ್ಪಿರಲಿಲ್ಲ.

ಅದೇ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಕಸ ಗುಡಿಸಿ ನೆಲ ಒರೆಸುತ್ತಿದ್ದವರು ಪೋಸ್ಟಮ್ಮನ ಅತ್ತೆ. ನಿಜ ಹೇಳಬೇಕೆಂದರೆ "ನನ್ನ ಸೊಸೆಗೆ ಕಂಪ್ಯೂಟರ್ ಬರುತ್ತೆ" ಅಂತ ಪೊರಕೆ ಹಿಡಿದುಕೊಂಡೇ ಶಿಫಾರಸು ಮಾಡಿ ಇವಳನ್ನು ಒಳಗೆ ಸೇರಿಸಿದ್ದೂ ಅವರೇ. ಹೋದ ವಾರ ಕಾರ್ಯದರ್ಶಿಗಳು, ಕಾರ್ಮಿಕರ ಘನತೆ ಅಂತ ಮೈಕು ಹಿಡಿದರೆ ಗಂಟೆಗಟ್ಟಲೆ ಬಿಡದ ಮನುಷ್ಯ, ಅತ್ತೆಯನ್ನು ಕರೆದು, "ಕ್ಲೀನಿಂಗ್ ಎಲ್ಲ ಒಂದು ಏಜೆನ್ಸಿಗೆ ಕೊಟ್ಟುಬಿಟ್ಟಿದ್ದೀವಿ, ಸೋಮವಾರದಿಂದ ನೀವು ಬರೋದು ಬೇಡ" ಅಂದುಬಿಟ್ಟರು. ಪೋಸ್ಟಮ್ಮ ಅಲ್ಲೇ ಕೂತಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ಮಾತಾಡಿದರೆ ತನ್ನ ಕೆಲಸಕ್ಕೂ ಸಂಚಕಾರ ಬಂದೀತು ಅಂತ ಭಯ. ಗಂಡನ ಗ್ಯಾರೇಜು ಬೇರೆ ಮುಚ್ಚಿ ಮೂರು ತಿಂಗಳಾಗಿತ್ತು.

ಅಂದಿನಿಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಮಾತಿನ ಬದಲು ಮನೆಯ ನೆಲ ಒರೆಸತೊಡಗಿದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಿಟ್ಟು ಉಳಿದರೆ ಸಂಜೆ ಇನ್ನೊಮ್ಮೆ. ಮನೆಯಲ್ಲಿ ಕಾಲಿಡಲು ಒಣಗಿದ ಜಾಗವೇ ಇರಲಿಲ್ಲ. ಆ ಬುಧವಾರ ಪೋಸ್ಟಮ್ಮ ಆಫೀಸಿಗೆ ಹೊರಡುವಾಗ ಜಾರಿ ಬಿದ್ದು ಮಂಡಿ ಕೆತ್ತಿಕೊಂಡಳು. ಅತ್ತೆ "ಅಯ್ಯೋ" ಕೂಡ ಅನ್ನಲಿಲ್ಲ, ಬಟ್ಟೆ ಹಿಂಡಿ ಆ ಕಡೆ ತಿರುಗಿದರು.

ಅದೇ ದಿನ ಅರ್ಜೆಂಟು ಕೆಲಸ. ದೂರದ ಒಂದು ದೇಶದಲ್ಲಿ ದೊಡ್ಡ ಹೋಟೆಲೊಂದು ತನ್ನ ಕ್ಲೀನಿಂಗ್ ಹೆಂಗಸರನ್ನೆಲ್ಲ ತೆಗೆದುಹಾಕಿ ಏಜೆನ್ಸಿಗೆ ಕೆಲಸ ಕೊಟ್ಟಿತ್ತು. ಪೋಸ್ಟಮ್ಮ ಬರೆಯಲು ಕೂತಳು. ಅದೆಲ್ಲಿತ್ತೋ ಅಷ್ಟು ಸಿಟ್ಟು! "ವರ್ಷಗಟ್ಟಲೆ ನಿಮ್ಮ ನೆಲ ಒರೆಸಿದವರನ್ನು ಒಂದು ಮಾತೂ ಕೇಳದೆ ಆಚೆ ಹಾಕಿದ್ದೀರಿ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ನಿಮಗೆ ನಾಚಿಕೆಯಾಗುವುದಿಲ್ಲವೇ? ಅವರನ್ನು ಕೂಡಲೇ ವಾಪಸು ಕರೆಯಿರಿ." ಹೋಟೆಲಿನ ಹೆಸರು ಕಟ್ಟಕಡೆಯ ಸಾಲಿನಲ್ಲಿ. "ಬಂತಮ್ಮಾ, ಚೆನ್ನಾಗಿ ಬಂತು" ಅಂತ ಒಳಗಿನಿಂದ ಕೂಗು. ಮಂಡಿ ಚುರುಗುಟ್ಟುತ್ತಿತ್ತು, ಮನಸ್ಸು ಮನೆಯ ಒದ್ದೆ ನೆಲದ ಮೇಲಿತ್ತು. ಪೋಸ್ಟಮ್ಮ ವಿಳಾಸ ಬದಲಾಯಿಸದೆ ಪುಟವನ್ನು ಲೋಕಕ್ಕೆ ಬಿಟ್ಟುಬಿಟ್ಟಳು.

ಮೂರು ಗಂಟೆಯ ಹೊತ್ತಿಗೆ ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತಿದ್ದರು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ನಿಮ್ಮತ್ತೆಗೆ ಯಾವ್ಯಾವ ದೇಶದಲ್ಲಿ ನೆಂಟರಿದ್ದಾರಮ್ಮಾ?"

"ಏನ್ ಸಾರ್?"

"ಒಂಬತ್ತು ಸಾವಿರ ಕಾಗದ! ಹಡಗಿನವರು, ನರ್ಸುಗಳು, ಗಣಿಯವರು... ಎಲ್ಲರೂ ನನಗೆ ನಾಚಿಕೆ ಆಗಲ್ವಾ ಅಂತ ಕೇಳ್ತಿದ್ದಾರೆ. ಮುಂದಿನ ವಾರ ಒಕ್ಕೂಟದ ಚುನಾವಣೆ ಇಟ್ಕೊಂಡು ನಾನು ಏನಂತ ಮುಖ ತೋರಿಸಲಿ? ನಿಲ್ಲಿಸೋಕೆ ಹೇಳಿ ಅವರಿಗೆ. ನಿಮ್ಮತ್ತೆ ವಾಪಸು ಬರಲಿ, ನಾಳೆಯಿಂದಲೇ ಬರಲಿ!"

ಪೋಸ್ಟಮ್ಮ ಪರದೆಯ ಕಡೆ ಕಣ್ಣು ಹಾಯಿಸಿದಳು. ವಿಳಾಸದ ಜಾಗದಲ್ಲಿ ಕಾರ್ಯದರ್ಶಿಗಳು ಆರಾಮಾಗಿ ಕೂತಿದ್ದರು. ಈ ಪುಣ್ಯಾತ್ಮ ಬೆಳಿಗ್ಗೆಯೂ ಕಾಗದ ಓದಿಲ್ಲ, ಈಗಲೂ ಮೂರು ಸಾಲು ದಾಟಿಲ್ಲ. ತಪ್ಪಾಯ್ತು ಸಾರ್ ಅನ್ನಲು ಬಾಯಿ ತೆರೆದವಳು, ಅದೇ ಬಾಯಲ್ಲಿ, "ಬರವಣಿಗೆಯಲ್ಲಿ ಕೊಟ್ಟುಬಿಡಿ ಸಾರ್" ಅಂದಳು. ಆ ಮಾತು ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಅತ್ತೆಯನ್ನು ವಾಪಸು ತೆಗೆದುಕೊಳ್ಳುವ ಆದೇಶಕ್ಕೆ ಕಾರ್ಯದರ್ಶಿಗಳು ನಿಂತ ನಿಲುವಿನಲ್ಲೇ ಸಹಿ ಹಾಕಿದರು. ಅವರು ಒಳಗೆ ಹೋದದ್ದೇ ತಡ, ಪೋಸ್ಟಮ್ಮ ವಿಳಾಸ ಬದಲಾಯಿಸಿ, ಬಿದ್ದಿದ್ದ ಕಾಗದಗಳನ್ನೆಲ್ಲ ಒಟ್ಟಿಗೆ ಹೋಟೆಲಿಗೆ ತಿರುಗಿಸಿದಳು.

ಮನೆಗೆ ಹೋದಾಗ ಅತ್ತೆ ಅಡುಗೆಮನೆ ಒರೆಸುತ್ತಿದ್ದರು. ಪೋಸ್ಟಮ್ಮ ಆದೇಶದ ಕಾಗದ ಮುಂದೆ ಹಿಡಿದು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಹಡಗಿನವರು, ನರ್ಸುಗಳು, ಕಾರ್ಯದರ್ಶಿಗಳ ಬೆವರು, ಯಾವುದನ್ನೂ ಬಿಡಲಿಲ್ಲ. ಅತ್ತೆ ಎಷ್ಟು ನಕ್ಕರೆಂದರೆ ನಿಲ್ಲಲಾಗದೆ ಬಕೆಟ್ ಪಕ್ಕ ಕುಕ್ಕರಿಸಿದರು. ಒಂದು ವಾರದ ಮೇಲೆ ಆ ನಗು ಕೇಳಿ ಪೋಸ್ಟಮ್ಮನಿಗೆ ಜೀವ ಬಂದಂತಾಯಿತು.

ನಗು ನಿಂತ ಮೇಲೆ ಅತ್ತೆ ಕೇಳಿದರು, "ಒಂಬತ್ತು ಸಾವಿರದಲ್ಲಿ ನಿಂದು ಯಾವುದು?"

"ಅಂದರೆ?"

"ಕಾಗದ ಕಣೇ. ಅವರೆಲ್ಲ ಬರೆದದ್ದು ಹೋಟೆಲಿನವರಿಗೋಸ್ಕರ. ಪಾಪ, ನಾನ್ಯಾರು ಅಂತಲೇ ಅವರಿಗೆ ಗೊತ್ತಿಲ್ಲ. ಗೊತ್ತಿರೋಳು ನೀನು. ನೀನೆಷ್ಟು ಬರೆದೆ?"

ಪೋಸ್ಟಮ್ಮನಿಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು.

"ಅವನು ನನ್ನನ್ನ ಹೋಗು ಅಂದಾಗ ನೀನು ಎರಡು ಹೆಜ್ಜೆ ದೂರದಲ್ಲಿ ಕೂತಿದ್ದೆ. ನಿನ್ನ ಬೆರಳು ಕೂಡ ನಿಲ್ಲಲಿಲ್ಲ, ಟಕಟಕ ಅಂತ ಹೊಡೀತಾನೇ ಇದ್ದೆ." ಅತ್ತೆ ಆದೇಶವನ್ನು ಮಡಚಿ ಸೊಸೆಯ ಕೈಗೇ ವಾಪಸು ಕೊಟ್ಟರು. "ಅವನು ಓದದೆ ಕೊಟ್ಟಿದ್ದು ಇದು. ಓದಿದ ದಿನ ಕಿತ್ಕೋತಾನೆ. ನನಗೆ ಬೇಡ."

ಪೋಸ್ಟಮ್ಮ ಅಲ್ಲೇ ಅಡುಗೆ ಕಟ್ಟೆಯ ಮೇಲೆ ಮೊಬೈಲ್ ಇಟ್ಟುಕೊಂಡು ಬರೆಯತೊಡಗಿದಳು. ಹದಿನಾಲ್ಕು ಭಾಷೆಗೆ ತರ್ಜುಮೆಯಾಗುವ ಕಾಗದಗಳನ್ನು ಹತ್ತು ನಿಮಿಷಕ್ಕೊಂದರಂತೆ ಬರೆದು ಬಿಸಾಕುತ್ತಿದ್ದವಳಿಗೆ ನಾಲ್ಕು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. "ಬೆಳಗಿನ ಕಾಗದಗಳು ಹೋಟೆಲಿಗೆ ಹೋಗಬೇಕಾದವು, ತಪ್ಪು ನನ್ನದು. ಆದರೆ ಅದರಲ್ಲಿ ಬರೆದದ್ದೆಲ್ಲ ನಿಮಗೂ ಸಲ್ಲುತ್ತದೆ. ನಮ್ಮ ಅತ್ತೆಯನ್ನು ನೀವು ತೆಗೆದದ್ದು ಅನ್ಯಾಯ. ಅವತ್ತೇ ಹೇಳಬೇಕಿತ್ತು, ಈಗ ಹೇಳುತ್ತಿದ್ದೇನೆ." ಕೆಳಗೆ ಸ್ವಂತ ಹೆಸರು ಹಾಕಿ, ಒಕ್ಕೂಟದ ಇಡೀ ಸಮಿತಿಗೂ ಒಂದೊಂದು ಪ್ರತಿ ಹೋಗುವಂತೆ ಮಾಡಿ ಕಳಿಸಿಬಿಟ್ಟಳು.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಈ ಸಲ ಕಾರ್ಯದರ್ಶಿಗಳು ಪೂರ್ತಿ ಓದಿದ್ದರು. "ಬೆಳಿಗ್ಗೆ ಹತ್ತಕ್ಕೆ ಬಂದು ಕಾಣಿ." ಅಷ್ಟೇ.

ಬೆಳಿಗ್ಗೆ ಪೋಸ್ಟಮ್ಮ ಚಪ್ಪಲಿ ಮೆಟ್ಟಿದಳು. ತಿರುಗಿ ನೋಡಿದರೆ ಅತ್ತೆ ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಿಗೆ ಬೀಗ ಹಾಕುತ್ತಿದ್ದರು.

"ನೀವೆಲ್ಲಿಗೆ ಅತ್ತೆ?"

"ನಿನ್ನ ಜೊತೆಗೆ. ಮತ್ತೆಲ್ಲಿಗೆ?"

"ನನಗೆ ಭಯ ಆಗ್ತಿದೆ ಅತ್ತೆ."

"ಆಗುತ್ತೆ. ಅವತ್ತು ನನಗೂ ಆಗಿತ್ತು," ಅಂದರು ಅತ್ತೆ, ಬೀಗ ಎಳೆದು ನೋಡುತ್ತಾ. "ಆದರೆ ಒಬ್ಬಳೇ ಇದ್ದೆ."