ಕಿವಿರಾಯನ ಕತ್ತರಿ

ತಂಗಿಯ ಗಂಡನಿಗೆ ಬಹುವಚನ ಕೊಡಬೇಕು ಎಂಬುದು ನನಗೂ ಗೊತ್ತು. ಕೊಡುತ್ತಲೂ ಇದ್ದೆ, ಅವನು ಆ ಡಿಜಿಟಲ್ ಪೆಟ್ಟಿಗೆ ತರುವವರೆಗೆ. ಅದು ಬಂದ ದಿನವೇ ನನ್ನ ಬಾಯಲ್ಲಿ ಅವನು ಏಕವಚನಕ್ಕೆ ಇಳಿದ, ಬೆನ್ನ ಹಿಂದೆ ಮಾತ್ರ ಅಲ್ಲ, ಎದುರಿಗೂ. ಕಿವಿರಾಯ ಎಂಬ ಹೆಸರನ್ನೂ ನಾನೇ ಇಟ್ಟದ್ದು.

ನಮ್ಮದು ನಾಲ್ಕು ಜನರ ತಂಡ. ನಾನು ಬಾಸ್ ಗಿಟಾರ್, ನಮ್ಮನೆ ಯಜಮಾನರು ಡ್ರಮ್ಸ್, ಕಿವಿರಾಯ ಗಿಟಾರ್, ಹಾಡುವವಳು ತಂಗಿ. ಹಗಲೆಲ್ಲ ನಾನೂ ಯಜಮಾನರೂ ಸೋಫಾ ರಿಪೇರಿ ಮಾಡುತ್ತೇವೆ. ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಸೂರಿನವರೆಗೂ ಫೋಮ್ ಹಾಳೆಗಳನ್ನು ಒರಗಿಸಿಟ್ಟಿರುವುದರಿಂದ ಎಷ್ಟು ಬಾರಿಸಿದರೂ ಪಕ್ಕದವರು ಬಂದು ಬೈಯುವುದಿಲ್ಲ. ಸಂಜೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ನೆಲದ ಮೇಲಿನ ಮೊಳೆ ಗುಡಿಸಿ, ಅಲ್ಲೇ ಅಭ್ಯಾಸ.

ಮುಖ್ಯರಸ್ತೆಯ ದೊಡ್ಡ ಹೋಟೆಲಿನ ಒಡತಿ ಶನಿವಾರದ ಸಂಜೆಗಳಿಗೆ ಒಂದು ತಂಡ ಹುಡುಕುತ್ತಿದ್ದಳು. ಒಂದು ಹಾಡು ರೆಕಾರ್ಡ್ ಮಾಡಿ ಕಳಿಸಿ ಎಂದಿದ್ದಳು. ತಂಗಿ ತಾನೇ ಬರೆದು ರಾಗ ಹಾಕಿದ ಹಾಡೊಂದಿತ್ತು. ವರ್ಷಗಟ್ಟಲೆ ನಮ್ಮ ಫೋಮ್ ಹಾಳೆಗಳಿಗೆ ಮಾತ್ರ ಅದನ್ನು ಹಾಡಿದ್ದಳು. "ಗುರುತಿಲ್ಲದ ನಾಲ್ಕು ಜನ ಕೂತು ಇದನ್ನ ಕೇಳ್ಬೇಕು ಅಕ್ಕ. ಅಷ್ಟು ಸಾಕು ನಂಗೆ" ಎಂದಳು. ಅವಳದು ನಯವಾದ ದನಿಯಲ್ಲ. ಮೇಲೆ ಹೋದಾಗ ಗರಗರ ಎನ್ನುತ್ತದೆ, ಹೊಸ ಗೋಣಿಬಟ್ಟೆಯ ಮೇಲೆ ಕೈ ಆಡಿಸಿದ ಹಾಗೆ. ಆ ಒರಟೇ ಅವಳ ಆಸ್ತಿ.

ಇಂಥ ಹೊತ್ತಿನಲ್ಲಿ ಕಿವಿರಾಯ ತನ್ನ ಹೆಣಭಾರದ ಹಳೆಯ ಆಂಪ್ಲಿಫೈಯರ್ ಮಾರಿ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದ. "ಲೋಕದಲ್ಲಿರೋ ಆಂಪೆಲ್ಲ ಇದ್ರೊಳಗೇ ಇದೆ ಅಕ್ಕ" ಎಂದು ಕೊಚ್ಚಿಕೊಂಡ. ವೈರ್ ಸಿಕ್ಕಿಸಿ ಒಂದು ಸಲ ಬಾರಿಸಿದ. ಅಯ್ಯೋ ಕರ್ಮವೇ! ಸ್ವರ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸ್ವರದ ಮೇಲೊಂದು ಚುರ್ ಎನ್ನುವ ಸದ್ದು, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ. ಜನ್ಮದಲ್ಲಿ ಮಾತಾಡದ ಯಜಮಾನರು ಕೂಡ ಡ್ರಮ್ಮಿನ ಕಡ್ಡಿ ಕೆಳಗಿಟ್ಟು, "ಏನೋ ಸುಟ್ಟುಹೋಗ್ತಿದೆ, ನೋಡಪ್ಪ" ಎಂದರು.

"ಹೆಡ್‌ಫೋನ್ ಹಾಕ್ಕೊಂಡು ಮೆಲ್ಲಗೆ ಕೇಳಿದಾಗ ಚೆನ್ನಾಗಿತ್ತಂತೆ" ಎಂದಳು ತಂಗಿ, ಗಂಡನ ಪರ ವಹಿಸಿ.

ಮದ್ದು ಆ ಪೆಟ್ಟಿಗೆಯಲ್ಲೇ ಇತ್ತು. ಈಕ್ವಲೈಸರ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಪರದೆಯ ಮೇಲೊಂದು ಗೆರೆ. ಎಡಗಡೆ ಸದ್ದಿನ ದಪ್ಪ ಭಾಗ, ಬಲಗಡೆ ಚೂಪು ಭಾಗ, ಕೆಳಗೆ ಜಾಗ ಗುರುತಿಸಲು ಹರ್ಟ್ಸ್ ಅಂಕಿಗಳು. ಗೆರೆಯನ್ನು ಎಲ್ಲಿ ತಗ್ಗಿಸುತ್ತೀರೋ ಅಲ್ಲಿನ ಸದ್ದು ತಗ್ಗುತ್ತದೆ. ಗಿಟಾರ್ ಆಂಪಿನ ನಿಜವಾದ ಸ್ಪೀಕರು ಆ ಚೂಪನ್ನು ಹೆಚ್ಚು ಹೊರಗೆ ಬಿಡುವುದೇ ಇಲ್ಲ. ಈ ಪೆಟ್ಟಿಗೆಯೋ ಎಲ್ಲವನ್ನೂ ಕಕ್ಕುತ್ತಿತ್ತು.

"ಬಲಗಡೆ ತುದಿ ಇಳಿಸಿಬಿಡು, ನಾಲ್ಕು ಸಾವಿರದ ಹತ್ರ ಒಂದು ಚೂರು ತಗ್ಗಿಸು, ಮುಗೀತು" ಎಂದೆ.

"ಹಾಗೆಲ್ಲ ಅಂದಾಜಲ್ಲಿ ಆಗಲ್ಲ ಅಕ್ಕ. ಕಳ್ಳ ಎಲ್ಲಿದಾನೆ ಅಂತ ಮೊದಲು ಹಿಡೀಬೇಕು" ಎಂದ. ಯಾವುದೋ ವಿಡಿಯೊ ನೋಡಿ ಬಂದಿದ್ದ. ಗೆರೆಯ ಒಂದು ಜಾಗವನ್ನು ಚೂಪಾಗಿ ಮೇಲಕ್ಕೆತ್ತಬೇಕಂತೆ, ಆ ಮೊನೆಯನ್ನು ಎಡದಿಂದ ಬಲಕ್ಕೆ ಎಳೆಯುತ್ತ ಹೋಗಬೇಕಂತೆ, ಎಲ್ಲಿ ಕಿವಿಗೆ ಚುಚ್ಚುತ್ತದೋ ಅಲ್ಲೇ ಕಳ್ಳನಂತೆ, ಅಲ್ಲಿ ಕತ್ತರಿಸಬೇಕಂತೆ. ಕೇಳುವುದಕ್ಕೆ ಸರಿಯೇ. ಆದರೆ ಅಷ್ಟು ಎತ್ತಿದರೆ ಯಾವ ಜಾಗ ತಾನೇ ಚುಚ್ಚುವುದಿಲ್ಲ? ಒಳ್ಳೆಯ ಜಾಗವೂ ಕಿರುಚುತ್ತದೆ. ಕಿವಿರಾಯನಿಗೆ ಹೋದಲ್ಲೆಲ್ಲ ಕಳ್ಳರೇ ಸಿಕ್ಕರು. "ಸಿಕ್ಕ! ಇಲ್ಲೊಬ್ಬ! ಇಲ್ಲೂ ಒಬ್ಬ!" ಅಭ್ಯಾಸ ಮುಗಿಯುವ ಹೊತ್ತಿಗೆ ಆ ಗೆರೆ ಹಲ್ಲು ಮುರಿದ ಬಾಚಣಿಗೆ ಆಗಿತ್ತು. ಗಿಟಾರು ಕಂಬಳಿಯೊಳಗಿಂದ ನರಳುತ್ತಿತ್ತು.

ನನಗೆ ತಲೆ ಚಿಟ್ಟು ಹಿಡಿಯಿತು. ಅವನು ನೀರು ಕುಡಿಯಲು ಎದ್ದಾಗ ಎಲ್ಲವನ್ನೂ ಅಳಿಸಿ, ಬಲತುದಿ ಇಳಿಸಿ, ನಾಲ್ಕು ಸಾವಿರದ ಹತ್ತಿರ ಒಂದು ಚೂರು ತಗ್ಗಿಸಿಟ್ಟೆ. ಬಂದು ಬಾರಿಸಿದ. ಚುರ್ ಸದ್ದು ಮಾಯ, ದುಂಡಗಿನ ಸ್ವರ. "ನೋಡಿದ್ರಾ? ತಾಳ್ಮೆ ಬೇಕು ಅನ್ನೋದು ಇದಕ್ಕೇ!" ಎಂದ. ಮೈ ಉರಿದುಹೋಯಿತು. ತಂಗಿಯ ಹಾಡು ಮುಂದೆ ಹೋಗಲಿ ಎಂದು ಬಾಯಿ ಮುಚ್ಚಿಕೊಂಡೆ.

ರುಚಿ ಹತ್ತಿದ ಮೇಲೆ ಬಿಡುತ್ತಾನೆಯೇ? ಮಿಕ್ಕವರ ಕಡೆ ತಿರುಗಿದ. ಯಜಮಾನರ ತಾಳದ ತಟ್ಟೆ ಚುಚ್ಚುತ್ತದಂತೆ, ನನ್ನ ಬಾಸ್ ಗೊಗ್ಗರಂತೆ. ಮನೆಯಲ್ಲೂ ಇದೇ, ಮೊಸರಲ್ಲಿ ಕಲ್ಲು ಹುಡುಕುವ ಕೆಲಸ. ತಂಗಿ ಬಾಗಿಲು ಹಾಕಿದ ಸದ್ದು ಸರಿಯಿಲ್ಲ, ಪಾತ್ರೆ ಇಟ್ಟ ಸದ್ದು ಸರಿಯಿಲ್ಲ. "ನಾನು ನಗೋವಾಗ ಕೊನೇಲಿ ಒಂದು ಚೂಪು ಬರುತ್ತಂತೆ ಅಕ್ಕ" ಎಂದಳು ಒಂದು ದಿನ. ಅದನ್ನು ಅವಳು ನಗದೆಯೇ ಹೇಳಿದಳು.

ಹಾಡು ರೆಕಾರ್ಡ್ ಆಯಿತು. ಚೆನ್ನಾಗಿಯೇ ಆಯಿತು. "ಮನೇಲಿ ಒಂದ್ಸಲ ಒರೆಸಿ ಕಳಿಸ್ತೀನಿ" ಎಂದು ಕಿವಿರಾಯ ಹೊತ್ತುಕೊಂಡು ಹೋದ. ಒರೆಸಿದ, ಒಡತಿಗೆ ಕಳಿಸಿಯೂ ಬಿಟ್ಟ, ಆಮೇಲೆ ಅಂಗಡಿಗೆ ಬಂದು ನಮಗೆ ಕೇಳಿಸಿದ. ನಾನು ಒಂದು ಕುರ್ಚಿಯ ಹಳೇ ಬಟ್ಟೆ ಕೀಳುತ್ತಿದ್ದೆ. ಗಿಟಾರ್ ಅದ್ಭುತವಾಗಿ ಬಂದಿತ್ತು. ಹಾಡುತ್ತಿದ್ದವಳು ಮಾತ್ರ ಯಾರೋ. ಗರಗರ ಇಲ್ಲ, ಉಸಿರಿಲ್ಲ, ಬಾಯಿಗೆ ಹತ್ತಿ ತುರುಕಿಕೊಂಡ ಸಭ್ಯ ಹೆಂಗಸು.

"ಇದು ಯಾರ್ರೀ ಹಾಡ್ತಿರೋದು?" ಎಂದಳು ತಂಗಿ.

"ನೀನೇ ಕಣೇ! ಎಷ್ಟು ಕಳ್ಳರಿದ್ರು ಗೊತ್ತಾ ನಿನ್ನ ದನೀಲಿ? ಒಬ್ಬೊಬ್ಬರನ್ನೇ ಹಿಡಿದು ಹಿಡಿದು ಸಾಕಾಗಿ ಹೋಯ್ತು. ಈಗ ಸರಿ ಆಗಿದೀಯ."

ಅವಳ ಪರವಾಗಿ ನಾನು ಅಂದೆ. "ಯಾರನ್ನೇ ಆಗ್ಲಿ ಹಾಗೆ ಎತ್ತಿ ಹಿಡಿದು ಹಿಂಡಿದ್ರೆ ಕಿರುಚದೆ ಇನ್ನೇನು ಮಾಡ್ತಾರೋ, ಬೆಪ್ಪೇ? ನಿನ್ನ ಕಿವೀಲಿರೋ ಕಳ್ಳನ್ನ ಯಾರು ಹಿಡೀತಾರೆ?" ನನ್ನ ಕೈಯಲ್ಲಿ ಇಕ್ಕಳ ಇತ್ತು. ಅವನು ಮೆಲ್ಲಗೆ ಹಿಂದೆ ಸರಿದ.

ಅಷ್ಟರಲ್ಲಿ ಒಡತಿಯ ಫೋನ್ ಬಂತು. ಎಲ್ಲರಿಗೂ ಕೇಳಲಿ ಎಂದು ಅವನು ಸ್ಪೀಕರಿಗೆ ಹಾಕಿದ. ಈ ಶನಿವಾರ ಬನ್ನಿ, ಸರಿಹೋದರೆ ಪ್ರತಿ ಶನಿವಾರವೂ ನಿಮಗೇ, ಎಂದಳು. "ಬೇರೆಯವರು ಹಾಡಿದ್ರೆ ನಮ್ಮ ಗಿರಾಕಿಗಳಿಗೆ ಮಾತಾಡೋಕೇ ಆಗಲ್ಲ. ನಿಮ್ಮ ಹಾಡೋರು ತುಂಬಾ ಒಳ್ಳೆಯವರು. ಹಾಡ್ತಿದಾರೆ ಅಂತಾನೇ ಗೊತ್ತಾಗಲ್ಲ!"

ಕಿವಿರಾಯ ಹಲ್ಲು ಕಿರಿದ. ತಂಗಿ, ನಾನು ಕಿತ್ತು ಎಸೆದಿದ್ದ ಹರಕು ಬಟ್ಟೆಯನ್ನು ನೀಟಾಗಿ ಮಡಿಸುತ್ತ ನಿಂತಿದ್ದಳು. ಕಸಕ್ಕೆ ಹೋಗುವುದನ್ನು ಯಾರಾದರೂ ಮಡಿಸುತ್ತಾರೆಯೇ?

ಶನಿವಾರ ಹೋಟೆಲಿನ ಮೂಲೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ ನಮಗೆ ಜಾಗ ಕೊಟ್ಟಿದ್ದರು. ತಂಗಿಯ ಮೈಕನ್ನೂ ಕಿವಿರಾಯ ತನ್ನ ಪೆಟ್ಟಿಗೆಗೇ ಸೇರಿಸಿ, ಕತ್ತರಿಗಳನ್ನೆಲ್ಲ ಸಜ್ಜು ಮಾಡಿಟ್ಟಿದ್ದ. ಹಾಡಿನ ಮೇಲೆ ಹಾಡು ಹೋಯಿತು. ಜನ ತಿಂದರು, ಹರಟಿದರು, ಮೊಬೈಲ್ ನೋಡಿದರು. ಒಡತಿ ದೂರದಿಂದಲೇ ಹೆಬ್ಬೆರಳೆತ್ತಿ ಭೇಷ್ ಎಂದಳು. ಕೊನೆಗೆ ತಂಗಿಯ ಸ್ವಂತ ಹಾಡು. ಮೊದಲ ಚರಣವೂ ಹಾಗೇ ಹೋಯಿತು, ಒಬ್ಬರೂ ಇತ್ತ ತಿರುಗಲಿಲ್ಲ. ಎರಡನೆಯ ಚರಣಕ್ಕೆ ಮುಂಚೆ ಅವಳು ಮೈಕನ್ನು ಆರಿಸಿ ನನ್ನ ಕಾಲ ಬಳಿ ಇಟ್ಟಳು. ಮೇಜುಗಳ ನಡುವೆ ಹೋಗಿ ನಿಂತು ಬರೀ ಗಂಟಲಲ್ಲಿ ಎತ್ತಿಕೊಂಡಳು.

ಯಜಮಾನರು ಕಡ್ಡಿ ಬಿಟ್ಟು ಬೆರಳಲ್ಲಿ ತಟ್ಟತೊಡಗಿದರು. ನಾನೂ ತಗ್ಗಿಸಿದೆ. ದನಿ ಮೇಲೆ ಹೋಗಿ ಗರಗರ ಎಂದಿತು, ಒಂದು ಕಡೆ ಸೀಳಿತು ಕೂಡ. ಚಮಚಗಳ ಸದ್ದು ನಿಂತಿತು. ತುತ್ತು ಬಾಯಿಗಿಟ್ಟವರು ಅಗಿಯುವುದನ್ನು ಮರೆತರು. ತಟ್ಟೆಗಳನ್ನು ಹೊತ್ತು ಬಂದ ಸಪ್ಲೈಯರ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ನನಗೆ ಕಣ್ಣು ತುಂಬಿ ತಂತಿ ಕಾಣದಾಯಿತು, ಹಾಳಾದ್ದು. ಕಿವಿರಾಯ ಮಾತ್ರ ಪೆಟ್ಟಿಗೆಯ ಮೇಲೆ ಬಗ್ಗಿ, "ಎಲ್ಲಿಂದ ಬರ್ತಿದೆ ಇದು? ಇಳೀತಾನೇ ಇಲ್ವಲ್ಲ!" ಎಂದು ಒಂದೊಂದೇ ಗುಂಡಿ ತಿರುಗಿಸುತ್ತ ಬೆವರುತ್ತಿದ್ದ.

ಒಡತಿ ನನ್ನ ಹತ್ತಿರ ಓಡಿಬಂದಳು. "ಏನ್ರೀ ಇದು? ಯಾರೂ ಊಟಾನೇ ಮಾಡ್ತಿಲ್ಲ! ನಿಲ್ಲಿಸೋಕೆ ಹೇಳಿ ಅವರಿಗೆ."

"ನೀವೇ ಹೋಗಿ ಹೇಳಿ, ನೋಡೋಣ" ಎಂದೆ.

ಅವಳು ತಂಗಿಯ ಕಡೆ ತಿರುಗಿದಳು. ಹೋಗಲಿಲ್ಲ. ಹಾಡು ಮುಗಿಯುವವರೆಗೂ ನನ್ನ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು, ಮುಂದಿನ ವಾರದಿಂದ ನೀವು ಬರುವುದು ಬೇಡ ಎಂದಳು.

ಸಾಮಾನನ್ನು ವ್ಯಾನಿಗೆ ಏರಿಸುವಾಗ ಕಿವಿರಾಯ ಹೆಂಡತಿಯ ಹತ್ತಿರ ಬಂದ. "ಕೈಗೆ ಬಂದಿದ್ದು ಹೋಯ್ತು ನೋಡು. ಆ ಮೇಲಿನ ಸ್ವರದಲ್ಲಿ ತುಂಬಾ ಚುಚ್ತಿತ್ತು ಕಣೇ" ಎಂದ.

"ಗೊತ್ತು ರೀ. ಅವರು ಊಟ ಬಿಟ್ಟಿದ್ದು ಅಲ್ಲೇ" ಎಂದಳು ತಂಗಿ. ಹೇಳಿ, ವ್ಯಾನಿನ ಮುಂದಿನ ಸೀಟು ಹತ್ತಿ ಕೂತಳು. ಅವನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಡ್ರಮ್ಮುಗಳ ನಡುವೆ ಕೂತ.